ಚಿಕಿತ್ಸೆಯ ಖರ್ಚು ಯಾರ ಹೆಗಲಿಗೆ?

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸಬೇಕೋ, ಕೆಲಸ ಕೊಟ್ಟವರು ಭರಿಸಬೇಕೋ, ರೋಗಿಯೇ ಭರಿಸಬೇಕೋ ಎಂಬುದು ಆ ವಿಷಯ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ. ಕೆಲವರ ಪತ್ರಗಳಲ್ಲಿ ಮನೆಯವರ ಕಾಯಿಲೆಯ ವಿವರಗಳಿವೆ.

ಪ್ರಶ್ನೆ: ಊಟ, ಬಟ್ಟೆ, ಮನೆಗೆಲ್ಲ ನಾವೇ ದುಡಿದು ಖರ್ಚು ಮಾಡುತ್ತೇವೆ. ವೈದ್ಯರಿಗೆ ಕೊಡುವ ಹಣ ಮಾತ್ರ ಏಕೆ ರಾಜಕೀಯದ ವಿಷಯವಾಗಬೇಕು? (ನಿವೃತ್ತ ಬ್ಯಾಂಕ್ ನೌಕರರು)

ಊಟ ಬಟ್ಟೆಗೆ ಮುಂದಿನ ತಿಂಗಳು ಎಷ್ಟು ಬೇಕಾಗುತ್ತದೆ ಎಂಬುದನ್ನು ನಾವು ಇಂದೇ ಹೆಚ್ಚುಕಡಿಮೆ ಅಂದಾಜು ಮಾಡಬಲ್ಲೆವು. ದುಬಾರಿ ಎನಿಸಿದರೆ ಅಗ್ಗದ್ದನ್ನು ಆರಿಸಿಕೊಳ್ಳಬಹುದು, ಕೊಳ್ಳುವುದನ್ನೇ ಮುಂದಕ್ಕೆ ಹಾಕಲೂಬಹುದು. ಕಾಯಿಲೆಯ ವಿಷಯದಲ್ಲಿ ಈ ಯಾವ ಅನುಕೂಲವೂ ಇಲ್ಲ. ಅದು ಯಾರಿಗೆ, ಯಾವಾಗ, ಎಷ್ಟು ತೀವ್ರವಾಗಿ ಬರುತ್ತದೆಂದು ತಿಳಿಯದು. ಬಂದ ಮೇಲೆ ಯಾವ ಚಿಕಿತ್ಸೆ ಬೇಕೆಂದು ನಿರ್ಧರಿಸುವವರು ಹಣ ಕೊಡುವ ನಾವಲ್ಲ, ಹಣ ಪಡೆಯುವ ವೈದ್ಯರು. ಎದೆನೋವಿನಿಂದ ಕುಸಿದವರನ್ನು ಹೊತ್ತುಕೊಂಡು ಓಡುವ ಮನೆಯವರು ನಾಲ್ಕು ಆಸ್ಪತ್ರೆಗಳಲ್ಲಿ ದರ ವಿಚಾರಿಸುತ್ತ ನಿಲ್ಲುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಅವರು 1963ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ವೈದ್ಯಕೀಯ ಸೇವೆ ಸಾಮಾನ್ಯ ಸರಕಿನಂತೆ ಮಾರುಕಟ್ಟೆಯ ನಿಯಮಕ್ಕೆ ಒಗ್ಗದಿರುವುದಕ್ಕೆ ಈ ಅನಿಶ್ಚಿತತೆಯೇ ಮೂಲ ಕಾರಣವೆಂದು ತೋರಿಸಿಕೊಟ್ಟಿತು. ಆರೋಗ್ಯ ಅರ್ಥಶಾಸ್ತ್ರ ಎಂಬ ಅಧ್ಯಯನ ಶಾಖೆ ಬೆಳೆದದ್ದು ಆ ತಳಹದಿಯ ಮೇಲೆ.

ಅದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ. ಕಾಯಿಲೆ ಖರ್ಚನ್ನು ಏರಿಸುವ ಹೊತ್ತಿನಲ್ಲೇ ದುಡಿಮೆಯನ್ನೂ ನಿಲ್ಲಿಸುತ್ತದೆ, ಆದ್ದರಿಂದ ಹಣ ಅತಿ ಹೆಚ್ಚು ಬೇಕಾದ ದಿನವೇ ಕೈ ಬರಿದಾಗಿರುತ್ತದೆ. ಬಾಯಾರಿದಾಗ ಬಾವಿ ತೋಡಿಕೊಳ್ಳಿ ಎಂದು ಒಂದು ಕುಟುಂಬಕ್ಕೆ ಹೇಳುವುದು ನ್ಯಾಯವಲ್ಲವೆಂದು ನಾನು ನಂಬಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ 2023ರಲ್ಲಿ ಹೊರತಂದ ವರದಿಯ ಪ್ರಕಾರ, ಚಿಕಿತ್ಸೆಗೆ ಕೈಯಿಂದ ಹಣ ತೆತ್ತು ಆರ್ಥಿಕ ಸಂಕಷ್ಟಕ್ಕೆ ಸಿಲುಕಿದವರು ಜಗತ್ತಿನಲ್ಲಿ ಸುಮಾರು 200 ಕೋಟಿ ಜನ. ಇಷ್ಟು ಮಂದಿಯನ್ನು ಬಾಧಿಸುವ ವಿಷಯ ರಾಜಕೀಯದಿಂದ ಹೊರಗೆ ಉಳಿಯಲಾರದು, ಉಳಿಯಲೂಬಾರದು.

ಪ್ರಶ್ನೆ: ಒಂದು ಪಕ್ಷ ತೆರಿಗೆ ಹಣದಿಂದ ಉಚಿತ ಚಿಕಿತ್ಸೆ ಕೊಡುತ್ತೇವೆ ಎನ್ನುತ್ತದೆ, ಇನ್ನೊಂದು ಪಕ್ಷ ವಿಮೆ ಮಾಡಿಸುತ್ತೇವೆ ಎನ್ನುತ್ತದೆ. ಇವೆರಡರ ನಡುವೆ ನಿಜವಾದ ವ್ಯತ್ಯಾಸ ಏನು? (ಪದವಿ ವಿದ್ಯಾರ್ಥಿನಿ)

ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳೋಣ. ಸರ್ಕಾರ ಕೊಡುವ ಹಣ ನಮ್ಮ ತೆರಿಗೆಯದು, ಕಂಪನಿ ಕಟ್ಟುವ ವಿಮಾ ಕಂತು ನಮಗೆ ಸಂಬಳವಾಗಿ ಬರಬಹುದಾಗಿದ್ದ ಹಣ, ವಿಮಾ ಸಂಸ್ಥೆ ಆಸ್ಪತ್ರೆಗೆ ಪಾವತಿಸುವುದು ನಾವೇ ತುಂಬಿದ ಪ್ರೀಮಿಯಂ. ಯಾವ ಬಾಗಿಲಿನಿಂದ ಬಂದರೂ ಅದು ಜನರ ಹಣವೇ. ಆದ್ದರಿಂದ ಸರ್ಕಾರವೋ ಖಾಸಗಿಯೋ ಎಂದು ಕೇಳುವುದಕ್ಕಿಂತ ಮೊದಲು, ಆರೋಗ್ಯವಾಗಿರುವಾಗ ಕೊಡುತ್ತೇವೋ ಕಾಯಿಲೆ ಬಿದ್ದಾಗ ಕೊಡುತ್ತೇವೋ, ಆದಾಯಕ್ಕೆ ತಕ್ಕಂತೆ ಕೊಡುತ್ತೇವೋ ಕಾಯಿಲೆಗೆ ತಕ್ಕಂತೆ ಕೊಡುತ್ತೇವೋ ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಪ್ರಣಾಳಿಕೆಗಳ ಮಾತು ಬೇಗ ತಿಳಿಯಾಗುತ್ತದೆ.

ವಿಮೆಯ ದಾರಿ ಹಳೆಯದು. ಜರ್ಮನಿಯಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಅವರ ಕಾಲದಲ್ಲಿ, 1883ರಲ್ಲಿ, ಕಾರ್ಮಿಕರ ಅನಾರೋಗ್ಯ ವಿಮೆಯ ಕಾನೂನು ಬಂದಿತು. ಬಿಸ್ಮಾರ್ಕ್ ಸಮಾಜವಾದಿಗಳ ಕಡು ವಿರೋಧಿ. 1878ರಲ್ಲಿ ಅವರ ಸಂಘಟನೆಗಳ ಮೇಲೆ ನಿಷೇಧ ಹೇರಿದ್ದವರು. ಕಾರ್ಮಿಕರು ಆ ಕಡೆಗೆ ವಾಲಬಾರದೆಂಬ ಲೆಕ್ಕಾಚಾರವೂ ಈ ಕಾನೂನಿನ ಹಿಂದೆ ಇತ್ತು. ವಂತಿಗೆಯ ಮೂರು ಪಾಲಿನಲ್ಲಿ ಎರಡನ್ನು ಕಾರ್ಮಿಕರೂ ಒಂದನ್ನು ಮಾಲೀಕರೂ ಕಟ್ಟಬೇಕಾಗಿತ್ತು. ಕಾಯಿಲೆ ಬಿದ್ದವರಿಗೆ ಚಿಕಿತ್ಸೆಯ ಜೊತೆಗೆ 13 ವಾರಗಳವರೆಗೆ ಭತ್ಯೆಯೂ ಸಿಗುತ್ತಿತ್ತು. ಈಗ ಇಬ್ಬರೂ ಸಮಪಾಲು ಕಟ್ಟುತ್ತಾರೆ. ಸಾಮಾನ್ಯ ದರ ವೇತನದ ಶೇಕಡ 14.6ರಷ್ಟಿದ್ದು, ಅದರ ಮೇಲೆ ಪ್ರತಿ ವಿಮಾ ನಿಧಿಯೂ ತನ್ನದೊಂದು ಹೆಚ್ಚುವರಿ ವಂತಿಗೆಯನ್ನು ಸೇರಿಸುತ್ತದೆ. ಆ ದೇಶದಲ್ಲಿ ಎರಡು ಮಹಾಯುದ್ಧಗಳು ನಡೆದವು, ಆಡಳಿತ ಪದ್ಧತಿಗಳೇ ಬದಲಾದವು. ವಂತಿಗೆಯ ಈ ಏರ್ಪಾಡು ಮಾತ್ರ ಉಳಿದುಕೊಂಡಿತು.

ತೆರಿಗೆಯ ದಾರಿಗೆ ಹೆಸರಾದದ್ದು ಬ್ರಿಟನ್. ಯುದ್ಧದ ನಡುವೆಯೇ, 1942ರ ಡಿಸೆಂಬರ್‌ನಲ್ಲಿ, ಎಲ್ಲ ಪ್ರಜೆಗಳಿಗೂ ಸಾಮಾಜಿಕ ಭದ್ರತೆ ಬೇಕೆಂದ ವಿಲಿಯಂ ಬೆವರಿಜ್ ಅವರ ವರದಿ ಪ್ರಕಟವಾಯಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದನ್ನು ಕಟ್ಟಿ ನಿಲ್ಲಿಸಿದ ಸಚಿವ ಅನ್ಯೂರಿನ್ ಬೆವನ್ ವೇಲ್ಸ್‌ನ ಟ್ರೆಡೆಗರ್ ಎಂಬ ಗಣಿ ಊರಿನವರು, ಗಣಿ ಕಾರ್ಮಿಕರ ಮಗ, ಸ್ವತಃ ಗಣಿಯಲ್ಲಿ ದುಡಿದವರು. ಆ ಊರಿನ ಕಾರ್ಮಿಕರು ತಮ್ಮ ಕೂಲಿಯಿಂದ ವಂತಿಗೆ ಎತ್ತಿ ವೈದ್ಯರನ್ನು ನೇಮಿಸಿಕೊಳ್ಳುವ ಸಂಘವೊಂದನ್ನು ನಡೆಸುತ್ತಿದ್ದರು. ಇಡೀ ದೇಶದ ಏರ್ಪಾಡಿಗೆ ಇಂತಹ ಬಡವರ ಕೂಟವೊಂದು ಮಾದರಿಯಾಯಿತು ಎಂಬುದು ನನ್ನ ಮನಸ್ಸಿನಲ್ಲಿ ಉಳಿದುಹೋಗಿರುವ ಸಂಗತಿ.

ಎರಡಕ್ಕೂ ಅದರದರ ಕಷ್ಟವಿದೆ. ವಂತಿಗೆಯನ್ನು ಬಹುಮಟ್ಟಿಗೆ ಸಂಬಳದ ಮೇಲೆ ಎತ್ತುವುದರಿಂದ, ದುಡಿಯುವವರ ಸಂಖ್ಯೆ ಕುಗ್ಗಿ ವೃದ್ಧರ ಸಂಖ್ಯೆ ಹಿಗ್ಗಿದ ದೇಶದಲ್ಲಿ ಹೊರೆಯೆಲ್ಲ ದುಡಿಯುವ ಕೆಲವರ ಮೇಲೆ ಬೀಳುತ್ತದೆ. ಬಾಡಿಗೆ, ಲಾಭಾಂಶಗಳಿಂದ ಬದುಕುವವರು ಬಹುಪಾಲು ತಪ್ಪಿಸಿಕೊಳ್ಳುತ್ತಾರೆ. ತೆರಿಗೆಯ ಪದ್ಧತಿಯಲ್ಲಿ ಹೊರೆ ಎಲ್ಲ ಬಗೆಯ ಆದಾಯದ ಮೇಲೂ ಹರಡುತ್ತದೆ, ಆದರೆ ಆಸ್ಪತ್ರೆಗಳು ಪ್ರತಿ ವರ್ಷದ ಬಜೆಟ್ಟಿನಲ್ಲಿ ಬೇರೆಲ್ಲ ಇಲಾಖೆಗಳೊಡನೆ ಪೈಪೋಟಿಗೆ ನಿಲ್ಲಬೇಕು. ಬಿಗಿ ಬಜೆಟ್ಟಿನ ವರ್ಷಗಳಲ್ಲಿ ಕಾಯುವವರ ಪಟ್ಟಿ ಉದ್ದವಾಗುವುದು ಹೀಗೆ.

ಪ್ರಶ್ನೆ: ನನಗೆ 26 ವರ್ಷ. ಧೂಮಪಾನ ಮಾಡುವುದಿಲ್ಲ, ದಿನವೂ ಓಡುತ್ತೇನೆ. ಚಟ ಅಂಟಿಸಿಕೊಂಡವರ ಆಸ್ಪತ್ರೆ ಖರ್ಚನ್ನು ನಾನೇಕೆ ತೆರಬೇಕು? (ಖಾಸಗಿ ಸಂಸ್ಥೆಯ ಉದ್ಯೋಗಿ)

ನಿಮ್ಮ ಆರೋಗ್ಯ ಹೀಗೆಯೇ ಇರಲಿ. ನಿಮ್ಮ ವಾದವನ್ನು ಎಲ್ಲ ಆರೋಗ್ಯವಂತರೂ ಒಪ್ಪಿದರೆ ಏನಾಗುತ್ತದೆ ನೋಡಿ. ವಿಮಾ ನಿಧಿಯಿಂದ ಗಟ್ಟಿಮುಟ್ಟಾದವರು ಹೊರಗೆ ಹೋಗುತ್ತಾರೆ. ಉಳಿದವರಲ್ಲಿ ಕಾಯಿಲೆಯವರೇ ಹೆಚ್ಚಾದ್ದರಿಂದ ತಲಾ ಖರ್ಚು ಏರುತ್ತದೆ, ಕಂತೂ ಏರುತ್ತದೆ. ಕಂತು ಏರಿದಾಗ ಉಳಿದವರ ಪೈಕಿ ಕೊಂಚ ಆರೋಗ್ಯವಾಗಿರುವವರು ತಾವೂ ಬಿಡುತ್ತಾರೆ. ಹೀಗೆ ಸುತ್ತು ಸುತ್ತಾಗಿ ನಿಧಿ ಬರಿದಾಗುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ವಿವರಿಸಿದ ಪ್ರಸಿದ್ಧ ಪ್ರಬಂಧದಲ್ಲಿ, 65 ವರ್ಷ ದಾಟಿದವರಿಗೆ ಆರೋಗ್ಯ ವಿಮೆ ದೊರಕುವುದು ಏಕೆ ಕಷ್ಟ ಎಂಬುದಕ್ಕೂ ಇದೇ ಕಾರಣ ಕೊಟ್ಟಿದ್ದಾರೆ.

ಈ ಸುಳಿಯನ್ನು ತಡೆಯಲು ಎಲ್ಲರನ್ನೂ ಕಡ್ಡಾಯವಾಗಿ ಸೇರಿಸಬೇಕು, ಇಲ್ಲವೇ ಹೊರಗುಳಿಯುವುದು ಯಾರಿಗೂ ಲಾಭವಾಗದಷ್ಟು ಸಹಾಯಧನ ಕೊಡಬೇಕು. ಅಮೆರಿಕದ 2010ರ ಆರೋಗ್ಯ ಕಾನೂನಿನಲ್ಲಿ ಎರಡೂ ಇದ್ದವು. ವಿಮೆ ಮಾಡಿಸದವರಿಗೆ ವಿಧಿಸುವ ದಂಡ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2012ರಲ್ಲಿ 5-4ರ ಬಹುಮತದ ತೀರ್ಪು ಅದನ್ನು ಒಂದು ಬಗೆಯ ತೆರಿಗೆಯೆಂದು ಪರಿಗಣಿಸಿ ಎತ್ತಿಹಿಡಿಯಿತು. ಮುಂದೆ 2017ರ ತೆರಿಗೆ ಕಾನೂನು ಆ ದಂಡವನ್ನು 2019ರಿಂದ ಶೂನ್ಯಕ್ಕಿಳಿಸಿತು. ಹಾಗಿದ್ದರೂ ಆ ಮಾರುಕಟ್ಟೆ ಕುಸಿಯಲಿಲ್ಲ, ಏಕೆಂದರೆ ಬಹಳಷ್ಟು ಜನರ ಕಂತಿನ ದೊಡ್ಡ ಪಾಲನ್ನು ತುಂಬುವ ಸರ್ಕಾರಿ ಸಹಾಯಧನ ಉಳಿದಿತ್ತು. ಕಡ್ಡಾಯವನ್ನು ಬಲವಾಗಿ ಬೆಂಬಲಿಸುವ ನಾನು ಈ ಅನುಭವವನ್ನು ಮುಚ್ಚಿಡಬಾರದು. ಬಲವಂತಕ್ಕಿಂತ ಸಹಾಯಧನ ಹೆಚ್ಚು ಕೆಲಸ ಮಾಡಬಹುದು ಎಂಬುದಕ್ಕೆ ಅದು ಸಾಕ್ಷಿ.

ಚಟದ ಮಾತಿಗೆ ಬರುತ್ತೇನೆ. ರಕ್ತದ ಕ್ಯಾನ್ಸರ್ ಬಂದ ಮೂರು ವರ್ಷದ ಮಗು ಯಾವ ಚಟವನ್ನೂ ಮಾಡಿರುವುದಿಲ್ಲ. ರಸ್ತೆಯ ಬದಿಯಲ್ಲಿ ನಡೆದು ಹೋಗುತ್ತಿರುವಾಗ ವಾಹನ ಬಡಿದವರೂ ಮಾಡಿರುವುದಿಲ್ಲ. ಹಾಗೆಂದು ತಂಬಾಕಿನಿಂದಾಗುವ ಖರ್ಚನ್ನು ಅದನ್ನು ಸೇದುವವರಿಂದ ಪಡೆಯುವುದರಲ್ಲಿ ತಪ್ಪಿಲ್ಲ. ಫಿಲಿಪ್ಪೀನ್ಸ್ 2012ರ ಕಾನೂನಿನ ಮೂಲಕ ತಂಬಾಕು ಮತ್ತು ಮದ್ಯದ ಮೇಲಿನ ತೆರಿಗೆಯನ್ನು ಏರಿಸಿ, ಹೆಚ್ಚಾಗಿ ಬಂದ ಹಣದ ಬಹುಪಾಲನ್ನು ಬಡವರ ಆರೋಗ್ಯ ವಿಮೆಗೆ ಮೀಸಲಿಟ್ಟಿತು. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಆರೋಗ್ಯ ನಿಧಿಯೂ ತುಂಬುತ್ತದೆ. ನಿಮ್ಮ ದೂರಿಗೆ ಇದು ಉತ್ತರವಾಗಬಲ್ಲುದು. ವಿಮೆಯಿಂದ ಹೊರಗುಳಿಯುವುದು ಉತ್ತರವಾಗಲಾರದು.

ಪ್ರಶ್ನೆ: ಪುಕ್ಕಟೆ ಎಂದರೆ ಜನ ಸಣ್ಣ ನೆಗಡಿಗೂ ಆಸ್ಪತ್ರೆಗೆ ಓಡುತ್ತಾರೆ. ಕೊಂಚವಾದರೂ ಶುಲ್ಕ ಇರಬೇಕಲ್ಲವೇ? (ವ್ಯಾಪಾರಿಯೊಬ್ಬರು)

ಈ ಸಂದೇಹವನ್ನು ಲಘುವಾಗಿ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ, ಏಕೆಂದರೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಮತ್ತು ಸಂದೇಹದ ಒಂದು ಭಾಗ ನಿಜವೆಂದು ಗೊತ್ತಾಗಿದೆ. ಅಮೆರಿಕದ ರಾಂಡ್ ಸಂಸ್ಥೆ 1974ರಿಂದ 1982ರವರೆಗೆ ಸಾವಿರಾರು ಕುಟುಂಬಗಳನ್ನು ಆಯ್ದು, ಕೆಲವರಿಗೆ ಪೂರ್ತಿ ಉಚಿತ ಚಿಕಿತ್ಸೆಯನ್ನೂ ಉಳಿದವರಿಗೆ ಖರ್ಚಿನ ಒಂದು ಪಾಲನ್ನು, ಕೆಲವು ಗುಂಪುಗಳಲ್ಲಿ ಒಂದು ಮಿತಿಯವರೆಗೆ ಶೇಕಡ 95ರಷ್ಟನ್ನು, ತಾವೇ ಕೊಡಬೇಕಾದ ಯೋಜನೆಗಳನ್ನೂ ಹಂಚಿತು. ಯಾರಿಗೆ ಯಾವ ಯೋಜನೆ ಎಂಬುದನ್ನು ಕುಟುಂಬಗಳ ಆಯ್ಕೆಗೆ ಬಿಡಲಿಲ್ಲ. ಕೈಯಿಂದ ಕೊಡಬೇಕಾದವರು ವೈದ್ಯರ ಬಳಿಗೆ ಹೋಗುವುದನ್ನು ಸ್ಪಷ್ಟವಾಗಿ ಕಡಿಮೆ ಮಾಡಿದರು. ಸಾಮಾನ್ಯ ಆರೋಗ್ಯವುಳ್ಳವರಲ್ಲಿ ಇದರಿಂದ ಹೇಳಿಕೊಳ್ಳುವಂತಹ ಹಾನಿಯೂ ಕಾಣಲಿಲ್ಲ.

ಶುಲ್ಕದ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ, ಆದರೆ ಆ ಪ್ರಯೋಗದ ಉಳಿದ ಅರ್ಧ ಇನ್ನೂ ಮುಖ್ಯ. ಜನ ಬಿಟ್ಟದ್ದು ಬೇಡದ ಚಿಕಿತ್ಸೆಯನ್ನು ಮಾತ್ರವಲ್ಲ; ಅಗತ್ಯವಾದದ್ದನ್ನೂ ಅಷ್ಟೇ ಪ್ರಮಾಣದಲ್ಲಿ ಬಿಟ್ಟರು. ಯಾವ ಎದೆನೋವು ಬರೀ ವಾಯು, ಯಾವುದು ಹೃದಯದ್ದು ಎಂದು ಮನೆಯಲ್ಲಿ ಕುಳಿತು ನಿರ್ಧರಿಸುವ ಶಕ್ತಿ ನಮಗಿದ್ದಿದ್ದರೆ ವೈದ್ಯರು ಬೇಕಾಗಿಯೇ ಇರಲಿಲ್ಲ. ಬಡವರೂ ಆಗಿ, ಕಾಯಿಲೆಯೂ ಇದ್ದವರಲ್ಲಿ, ವಿಶೇಷವಾಗಿ ರಕ್ತದೊತ್ತಡದವರಲ್ಲಿ, ಉಚಿತ ಚಿಕಿತ್ಸೆ ಪಡೆದ ಗುಂಪಿನ ಸ್ಥಿತಿಯೇ ಮೇಲಾಗಿತ್ತು. ಉಗಾಂಡ ದೇಶದ ಅನುಭವವೂ ಇದಕ್ಕೆ ಸೇರುತ್ತದೆ. ಅಲ್ಲಿ 2001ರ ಮಾರ್ಚ್‌ನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳ ಶುಲ್ಕವನ್ನು ರದ್ದು ಮಾಡಿದ ಮೇಲೆ ಚಿಕಿತ್ಸೆಗೆ ಬರುವವರ ಸಂಖ್ಯೆ ತಟ್ಟನೆ ಏರಿತು. ಹೆಚ್ಚಳ ಎದ್ದು ಕಂಡದ್ದು ಕಡುಬಡವರಲ್ಲಿ. ಅವರು ಅದುವರೆಗೂ ಕಾಯಿಲೆ ಇಲ್ಲದವರಾಗಿದ್ದರೆಂದು ಹೇಳಲು ಸಾಧ್ಯವೇ?

ಶುಲ್ಕದ ಪ್ರಶ್ನೆ ರಾಜಕಾರಣಿಗಳ ಮನಸ್ಸಾಕ್ಷಿಯನ್ನೂ ಕದಡಿದ್ದುಂಟು. ಬ್ರಿಟನ್ನಿನ ಸರ್ಕಾರ 1951ರಲ್ಲಿ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಶುಲ್ಕ ವಿಧಿಸಲು ಹೊರಟಾಗ ಬೆವನ್ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಕೂಡ ಅವರ ಜೊತೆ ನಿಂತರು. ಮರುವರ್ಷ ಔಷಧ ಚೀಟಿಗೆ ಒಂದು ಶಿಲಿಂಗ್ ಶುಲ್ಕ ಬಂತು. ಈಗ ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಆ ಶುಲ್ಕವಿಲ್ಲ, ಇಂಗ್ಲೆಂಡಿನಲ್ಲಿ ಇದೆ.

ಶುಲ್ಕ ಇರಲೇಬೇಕೆಂದಾದರೆ ಜಪಾನಿನ ಕ್ರಮ ಸಹ್ಯವಾದುದು. ಅಲ್ಲಿ ಹೆಚ್ಚಿನ ವಯಸ್ಕರು ಖರ್ಚಿನ ಶೇಕಡ 30ನ್ನು ತಾವೇ ಕೊಡುತ್ತಾರೆ, ಆದರೆ ಆದಾಯಕ್ಕೆ ತಕ್ಕಂತೆ ತಿಂಗಳಿಗೊಂದು ಮಿತಿ ಇದೆ. ಅದನ್ನು ದಾಟಿದ ಮೇಲೆ ಹೊರೆ ಬಹುಪಾಲು ವಿಮೆಯದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತಹ ಬದುಕಿನುದ್ದಕ್ಕೂ ಜೊತೆಗಿರುವ ಕಾಯಿಲೆಗಳ ಮಾತ್ರೆಗೆ ಮಾತ್ರ ಎಲ್ಲಿಯೂ ಶುಲ್ಕ ಇರಬಾರದೆಂಬುದು ನನ್ನ ಅಭಿಪ್ರಾಯ. ಇಂದು ಒಂದು ಮಾತ್ರೆಯಲ್ಲಿ ಉಳಿಸಿದ ಹಣವನ್ನು ನಾಳೆ ಪಾರ್ಶ್ವವಾಯುವಿನ ಹಾಸಿಗೆಯ ಬಳಿ ನೂರ್ಮಡಿಯಾಗಿ ತೆರಬೇಕಾಗುತ್ತದೆ.

ಪ್ರಶ್ನೆ: ನನ್ನ ಯಜಮಾನರ ಶಸ್ತ್ರಚಿಕಿತ್ಸೆಯ ಹಣ ಕೊಡಲು ವಿಮಾ ಕಂಪನಿ ನಿರಾಕರಿಸಿತು. ಮೊದಲೇ ಇದ್ದ ಕಾಯಿಲೆಯನ್ನು ನಾವು ಮುಚ್ಚಿಟ್ಟೆವಂತೆ. ಆ ಕಾಯಿಲೆ ಇದ್ದದ್ದು ನಮಗೇ ಗೊತ್ತಿರಲಿಲ್ಲ. ಖಾಸಗಿ ಕಂಪನಿಗಳನ್ನು ನಂಬಿ ಒಂದು ದೇಶ ನಡೆಯಬಹುದೇ? (ಗೃಹಿಣಿಯೊಬ್ಬರು)

ನಿಮ್ಮ ಪತ್ರ ಓದಿ ಮನಸ್ಸಿಗೆ ನೋವಾಯಿತು. ನಿರಾಕರಣೆಯ ಪತ್ರವನ್ನೂ ಆಸ್ಪತ್ರೆಯ ದಾಖಲೆಗಳನ್ನೂ ಜೋಪಾನವಾಗಿಟ್ಟುಕೊಳ್ಳಿ. ಕಂಪನಿಗೆ ಲಿಖಿತವಾಗಿ ಮೇಲ್ಮನವಿ ಸಲ್ಲಿಸಿ, ಅಲ್ಲಿಯೂ ನ್ಯಾಯ ಸಿಗದಿದ್ದರೆ ವಿಮಾ ದೂರುಗಳನ್ನು ಕೇಳುವ ಅಧಿಕಾರಿಯ ಬಳಿಗೆ ಹೋಗಿ. ಗೊತ್ತೇ ಇಲ್ಲದ ಕಾಯಿಲೆಯನ್ನು ಮುಚ್ಚಿಡುವುದು ಹೇಗೆ ಸಾಧ್ಯ ಎಂಬ ನಿಮ್ಮ ಪ್ರಶ್ನೆಯನ್ನು ಅಲ್ಲಿಯೂ ಇದೇ ಮಾತುಗಳಲ್ಲಿ ಕೇಳಿ.

ಖಾಸಗಿ ವಿಮಾ ಸಂಸ್ಥೆಗಳ ಮೂಲಕವೇ ಎಲ್ಲ ಪ್ರಜೆಗಳಿಗೂ ರಕ್ಷಣೆ ಕೊಡುವ ದೇಶಗಳಿವೆ. ಸ್ವಿಟ್ಜರ್ಲೆಂಡ್ 1996ರಿಂದ, ನೆದರ್ಲೆಂಡ್ಸ್ 2006ರಿಂದ ಹಾಗೆ ನಡೆಸುತ್ತಿವೆ. ಆದರೆ ಅಲ್ಲಿನ ಕಂಪನಿಗಳಿಗೆ ಹಾಕಿರುವ ಕಟ್ಟುಪಾಡು ಎಂಥದೆಂದು ನೋಡಬೇಕು. ಮೂಲ ವಿಮೆಗೆ ಅರ್ಜಿ ಹಾಕಿದ ಯಾರನ್ನೂ ಅವು ತಿರಸ್ಕರಿಸುವಂತಿಲ್ಲ, ಕಾಯಿಲೆ ಇದೆಯೆಂದು ಹೆಚ್ಚು ಕಂತು ಕೇಳುವಂತಿಲ್ಲ, ಮೂಲ ವಿಮೆಯಲ್ಲಿ ಏನೇನು ಸೇರಬೇಕೆಂದು ತೀರ್ಮಾನಿಸುವುದು ಕಾನೂನು. ಹೆಚ್ಚು ರೋಗಿಗಳನ್ನು ಹೊಂದಿದ ಕಂಪನಿಗೆ, ಕಡಿಮೆ ರೋಗಿಗಳಿರುವ ಕಂಪನಿಗಳಿಂದ ಹಣ ವರ್ಗಾಯಿಸುವ ಸಾಮಾನ್ಯ ನಿಧಿಯೊಂದಿದೆ. ರೋಗಿಯನ್ನು ದೂರವಿಟ್ಟರೆ ಲಾಭ ಎಂಬ ಲೆಕ್ಕ ಇದರಿಂದ ಬಹುಮಟ್ಟಿಗೆ ಮುರಿಯುತ್ತದೆ. ನಿಮಗಾದ ಅನ್ಯಾಯದ ಬೇರು ಆ ಲೆಕ್ಕದಲ್ಲೇ ಇದೆ.

ಹಾಗೆಂದು ಅಲ್ಲಿ ಎಲ್ಲರೂ ಸುಖಿಗಳೆಂದಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಕಂತು ಆದಾಯವನ್ನು ನೋಡದೆ ತಲೆಗಿಷ್ಟೆಂದು ನಿಗದಿಯಾಗುತ್ತದೆ, ಕಡಿಮೆ ಆದಾಯದವರಿಗೆ ಸಹಾಯಧನ ಇದೆ. ಏರುತ್ತಿರುವ ಕಂತಿನ ಬಗ್ಗೆ ಅಲ್ಲಿ ಮತ್ತೆ ಮತ್ತೆ ಜನಮತ ನಡೆಯುತ್ತದೆ. ಎಲ್ಲ ಕಂಪನಿಗಳ ಬದಲು ಒಂದೇ ಸಾರ್ವಜನಿಕ ನಿಧಿ ಇರಲಿ ಎಂಬ ಪ್ರಸ್ತಾವವನ್ನು 2014ರಲ್ಲಿ ಸುಮಾರು ಶೇಕಡ 62ರಷ್ಟು ಮತದಾರರು ತಿರಸ್ಕರಿಸಿದರು. ಕಂತು ಆದಾಯದ ಶೇಕಡ 10ನ್ನು ಮೀರಬಾರದೆಂಬ ಪ್ರಸ್ತಾವವನ್ನೂ 2024ರಲ್ಲಿ ತಿರಸ್ಕರಿಸಿದರು. ನಾನು ಅಲ್ಲಿ ಮತದಾರನಾಗಿದ್ದರೆ ಎರಡನೆಯದಕ್ಕೆ ಖಂಡಿತ ಒಪ್ಪಿಗೆ ಹಾಕುತ್ತಿದ್ದೆ.

ಪ್ರಶ್ನೆ: ಜಗತ್ತಿನಲ್ಲೇ ಹೆಚ್ಚು ಖರ್ಚು ಮಾಡುವ ಅಮೆರಿಕದಲ್ಲಿ ಈ ಜಗಳ ಏಕೆ ಮುಗಿಯುತ್ತಿಲ್ಲ? (ಪ್ರೌಢಶಾಲಾ ಶಿಕ್ಷಕರು)

ಅಲ್ಲಿಯ ಏರ್ಪಾಡನ್ನು ಯಾರೂ ಕುಳಿತು ಯೋಚಿಸಿ ರೂಪಿಸಲಿಲ್ಲ. ಬಹುಪಾಲು ಆಕಸ್ಮಿಕವಾಗಿ ಬೆಳೆಯಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಸರ್ಕಾರ ಸಂಬಳ ಏರಿಸುವುದಕ್ಕೆ ಮಿತಿ ಹಾಕಿತು. ಕೆಲಸಗಾರರನ್ನು ಉಳಿಸಿಕೊಳ್ಳಬೇಕಾದ ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. ಆ ವಿಮೆಗೆ ಆದಾಯ ತೆರಿಗೆ ಇಲ್ಲವೆಂದು 1954ರಲ್ಲಿ ಕಾನೂನಾದ ಮೇಲೆ ವಿಮೆ ಉದ್ಯೋಗಕ್ಕೆ ಅಂಟಿಕೊಂಡುಬಿಟ್ಟಿತು. ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಒಳ್ಳೆಯ ಕೆಲಸದಲ್ಲಿರುವವರಿಗೆ ಇರುವುದನ್ನು ಕಳೆದುಕೊಳ್ಳುವ ಭಯ, ಇಲ್ಲದವರಿಗೆ ದನಿ ಕಡಿಮೆ. ಯಾವ ಸುಧಾರಣೆಯೂ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ.

ಅಧ್ಯಕ್ಷ ಟ್ರೂಮನ್ 1945ರಲ್ಲೇ ರಾಷ್ಟ್ರೀಯ ವಿಮೆಯನ್ನು ಪ್ರಸ್ತಾಪಿಸಿದರು. ವೈದ್ಯರ ಸಂಘದ ಪ್ರಬಲ ವಿರೋಧದ ಮುಂದೆ ಅದು ಬಿದ್ದುಹೋಯಿತು. ಇಪ್ಪತ್ತು ವರ್ಷಗಳ ನಂತರ, 1965ರ ಜುಲೈ 30ರಂದು, ವೃದ್ಧರ ಮೆಡಿಕೇರ್ ಮತ್ತು ಬಡವರ ಮೆಡಿಕೇಡ್ ಯೋಜನೆಗಳ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಟ್ರೂಮನ್ನರ ಊರಿಗೇ ಹೋಗಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕಿದರು. ಕ್ಲಿಂಟನ್ನರ 1993ರ ಯೋಜನೆ ಮರುವರ್ಷ ಕೈಬಿಟ್ಟುಹೋಯಿತು. ಒಬಾಮ ಕಾಲದ 2010ರ ಕಾನೂನಿಗೆ ಮುಂಚೆ ವಿಮೆ ಇಲ್ಲದವರು 4.5 ಕೋಟಿಗೂ ಹೆಚ್ಚಿದ್ದರು, 2023ರಲ್ಲಿ ಸುಮಾರು 2.6 ಕೋಟಿ ಇದ್ದರು. ಒಂದು ಪಕ್ಷ ಇದನ್ನು ಸಾಧನೆ ಎನ್ನುತ್ತದೆ, ಇನ್ನೊಂದು ಪಕ್ಷ ಇದಕ್ಕೆ ತೆತ್ತ ತೆರಿಗೆಯನ್ನೂ ಏರಿದ ಕಂತನ್ನೂ ಎತ್ತಿ ತೋರಿಸುತ್ತದೆ.

ಆದರೆ ಈ ಇಡೀ ಜಗಳದಲ್ಲಿ ಮುಖ್ಯವಾದ ದರದ ಪ್ರಶ್ನೆಯೇ ಬಾಗಿಲಾಚೆ ಉಳಿದಿದೆ ಎಂಬುದು ನನ್ನ ದೂರು. ಅಮೆರಿಕ ತನ್ನ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಶೇಕಡ 17ನ್ನು ಆರೋಗ್ಯಕ್ಕೆ ವ್ಯಯಿಸುತ್ತದೆ. ಇತರ ಹಲವು ಶ್ರೀಮಂತ ದೇಶಗಳು ಶೇಕಡ 10ರಿಂದ 12ರಲ್ಲಿ ಎಲ್ಲರನ್ನೂ ನೋಡಿಕೊಳ್ಳುತ್ತವೆ. ಅಮೆರಿಕನ್ನರು ಬೇರೆಯವರಿಗಿಂತ ಹೆಚ್ಚು ಸಲ ವೈದ್ಯರ ಬಳಿಗೆ ಹೋಗುವುದಿಲ್ಲ, ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗುವುದೂ ಇಲ್ಲ. ಅದೇ ಪರೀಕ್ಷೆಗೆ, ಅದೇ ಔಷಧಕ್ಕೆ, ಅದೇ ಶಸ್ತ್ರಚಿಕಿತ್ಸೆಗೆ ಅಲ್ಲಿ ದರ ಹೆಚ್ಚು. ಜಪಾನಿನಲ್ಲಿ ಪ್ರತಿ ಚಿಕಿತ್ಸೆಯ ದರವನ್ನು ಸರ್ಕಾರ ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸಿ ಇಡೀ ದೇಶಕ್ಕೆ ಒಂದೇ ಪಟ್ಟಿ ಹೊರಡಿಸುತ್ತದೆ. ಅಮೆರಿಕದಲ್ಲಿ ಮೆಡಿಕೇರ್ ಕೆಲವು ಔಷಧಗಳ ಬೆಲೆಯನ್ನು ತಯಾರಕರೊಡನೆ ಚೌಕಾಸಿ ಮಾಡಲು ಕಾನೂನು ಅನುಮತಿ ಕೊಟ್ಟದ್ದು 2022ರಲ್ಲಿ. ಯಾರು ಕೊಡಬೇಕು ಎಂಬ ಜಗಳದಷ್ಟೇ ಬಿಸಿಯಾಗಿ, ಇಷ್ಟೇಕೆ ಕೊಡಬೇಕು ಎಂಬ ಜಗಳವೂ ನಡೆಯಬೇಕಾಗಿತ್ತು.

ಪ್ರಶ್ನೆ: ಬಹುಪಾಲು ಜನ ಕೂಲಿ, ಬೇಸಾಯ, ಸಣ್ಣ ಅಂಗಡಿ ನಂಬಿದ ದೇಶಗಳಲ್ಲಿ ಸಂಬಳದಿಂದ ವಂತಿಗೆ ಹಿಡಿಯುವುದು ಹೇಗೆ? (ಕಾರ್ಮಿಕ ಸಂಘದ ಕಾರ್ಯಕರ್ತೆ)

ಹಿಡಿಯುವುದಕ್ಕಾಗುವುದಿಲ್ಲ, ಅದಕ್ಕೆ ಬೇರೆ ದಾರಿ ಬೇಕು. ಥಾಯ್ಲೆಂಡ್ ಇದನ್ನು ಬೇಗ ಅರ್ಥ ಮಾಡಿಕೊಂಡಿತು. ಸರ್ಕಾರಿ ನೌಕರರಿಗೂ ಸಂಘಟಿತ ಕಾರ್ಮಿಕರಿಗೂ ಅಲ್ಲಿ ಮೊದಲೇ ಬೇರೆ ಬೇರೆ ಏರ್ಪಾಡುಗಳಿದ್ದವು. ಉಳಿದ ಎಲ್ಲರನ್ನೂ 2002ರಲ್ಲಿ ತೆರಿಗೆ ಹಣದ ಒಂದೇ ಯೋಜನೆಗೆ ಸೇರಿಸಿ, ಪ್ರತಿ ಭೇಟಿಗೆ 30 ಬಾತ್ ಮಾತ್ರ ಪಡೆಯುವುದೆಂದು ನಿಗದಿ ಮಾಡಿದರು. ಜನರ ಬಾಯಲ್ಲಿ ಅದು 30 ಬಾತ್ ಯೋಜನೆ ಎಂದೇ ಉಳಿಯಿತು. ಆಗ ಥಾಯ್ಲೆಂಡ್ ಶ್ರೀಮಂತ ದೇಶವಾಗಿರಲಿಲ್ಲ. 1997ರ ಆರ್ಥಿಕ ಬಿಕ್ಕಟ್ಟಿನಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಹೊರರೋಗಿಗಳ ಚಿಕಿತ್ಸೆಗೆ ಬಿಲ್ಲಿನ ಲೆಕ್ಕದಲ್ಲಲ್ಲ, ನೋಂದಾಯಿಸಿಕೊಂಡ ಜನರ ತಲೆ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಮಾಡಿದ್ದರಿಂದ ಖರ್ಚು ಹತೋಟಿಯಲ್ಲಿ ಉಳಿಯಿತು. ಹಳ್ಳಿಗಳ ಕಡೆ ಆಸ್ಪತ್ರೆಗಳನ್ನು ಅದಕ್ಕೂ ಮುಂಚಿನ ದಶಕಗಳಲ್ಲೇ ಕಟ್ಟಿದ್ದರು ಎಂಬುದನ್ನು ಮರೆಯಬಾರದು. ಆಸ್ಪತ್ರೆಯೇ ಇಲ್ಲದ ಕಡೆ ವಿಮಾ ಕಾರ್ಡು ಕೊಟ್ಟರೆ ಅದು ಬರೀ ಕಾಗದ.

ಘಾನಾ ಇನ್ನೊಂದು ದಾರಿ ಹಿಡಿಯಿತು. 2003ರ ಕಾನೂನಿನ ಮೂಲಕ ಸರಕು ಮತ್ತು ಸೇವೆಗಳ ಮೇಲೆ ಶೇಕಡ 2.5ರ ಆರೋಗ್ಯ ಸುಂಕ ಹಾಕಿ ಅದನ್ನು ವಿಮಾ ನಿಧಿಗೆ ಜಮಾ ಮಾಡಿತು. ಸಂಬಳದ ಚೀಟಿ ಇಲ್ಲದವರೂ ಏನಾದರೊಂದು ಕೊಳ್ಳುತ್ತಾರೆ ಎಂಬ ಲೆಕ್ಕ ಅದರದು. ಬಡವರೂ ಶ್ರೀಮಂತರೂ ಒಂದೇ ದರ ಕೊಡುವುದು ಇದರ ದೋಷ. ವಸೂಲಿ ಸುಲಭ ಎಂಬುದು ಗುಣ.

ಪ್ರಶ್ನೆ: ಯಾವ ಪದ್ಧತಿ ತಂದರೂ ಖರ್ಚು ಏರುತ್ತಲೇ ಇದೆಯಲ್ಲ? (ಲೆಕ್ಕಪರಿಶೋಧಕರು)

ಏರುತ್ತಿದೆ, ನಿಲ್ಲುವುದೂ ಇಲ್ಲ. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಒಬ್ಬ ಕೆಲಸಗಾರ ಹತ್ತು ಪಟ್ಟು ಸರಕು ತಯಾರಿಸುತ್ತಾನೆ. ರೋಗಿಯ ಹಾಸಿಗೆಯ ಬಳಿ ನಿಲ್ಲುವ ನರ್ಸ್ ಹತ್ತು ಪಟ್ಟು ರೋಗಿಗಳನ್ನು ನೋಡಿಕೊಳ್ಳಲಾರರು. ಆದರೂ ಅವರ ಸಂಬಳ ಬೇರೆಯವರ ಸಂಬಳದ ಜೊತೆಗೆ ಏರಲೇಬೇಕು. ವಿಲಿಯಂ ಬೌಮೋಲ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಸಂಗೀತಗಾರರ ಉದಾಹರಣೆಯಿಂದ ಇದನ್ನು ವಿವರಿಸಿದ್ದರು. ಇದರ ಜೊತೆಗೆ ಹೊಸ ಔಷಧಗಳು, ಹೊಸ ಯಂತ್ರಗಳು, ಹೆಚ್ಚು ಕಾಲ ಬದುಕುವ ನಾವು.

ಆದ್ದರಿಂದ ಪ್ರತಿ ದೇಶವೂ ಎಲ್ಲೋ ಒಂದು ಕಡೆ ಮಿತಿ ಹಾಕುತ್ತದೆ. ಬೆಲೆಯ ಮೂಲಕ ಹಾಕಿದರೆ ಬಡವರು ಹೊರಗುಳಿಯುತ್ತಾರೆ, ಸರದಿಯ ಮೂಲಕ ಹಾಕಿದರೆ ಎಲ್ಲರೂ ಕಾಯುತ್ತಾರೆ. ಬ್ರಿಟನ್ 1999ರಲ್ಲಿ ನೈಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಯಾವ ಚಿಕಿತ್ಸೆ ತನ್ನ ಬೆಲೆಗೆ ತಕ್ಕಷ್ಟು ಆಯುಷ್ಯವನ್ನೂ ನೆಮ್ಮದಿಯನ್ನೂ ಕೊಡುತ್ತದೆಂದು ಲೆಕ್ಕ ಹಾಕಿ ಬಹಿರಂಗವಾಗಿ ಹೇಳುವ ವ್ಯವಸ್ಥೆ ಮಾಡಿತು. ಆ ತೀರ್ಮಾನಗಳು ಎಷ್ಟೋ ಸಲ ಜನರ ಕೋಪಕ್ಕೆ ಗುರಿಯಾಗಿವೆ. ಆದರೂ ಕಾರಣ ಬರೆದಿಟ್ಟು, ಆಕ್ಷೇಪ ಕೇಳಿ ಹಾಕಿದ ಮಿತಿ, ಯಾರಿಗೂ ಹೇಳದೆ ಹಾಕಿದ ಮಿತಿಗಿಂತ ಮೇಲು.

ಪ್ರಶ್ನೆ: ಇಂತಹ ಯೋಜನೆ ಬಂದಾಗಲೆಲ್ಲ ವೈದ್ಯರು ವಿರೋಧಿಸುವುದೇಕೆ? ಅವರ ಸಹಕಾರವಿಲ್ಲದೆ ಅದು ನಡೆದೀತೇ? (ವೈದ್ಯಕೀಯ ವಿದ್ಯಾರ್ಥಿ)

ಹಣ ಕೊಡುವವರು ಒಬ್ಬರೇ ಆದಾಗ ದರವನ್ನೂ ಅವರೇ ಹೇಳುತ್ತಾರೆ, ಇಂದು ದರ ಹೇಳಿದವರು ನಾಳೆ ಚಿಕಿತ್ಸೆಯನ್ನೂ ಹೇಳಿಯಾರು ಎಂಬ ಭಯ ವೈದ್ಯರದು. ಭಯಕ್ಕೆ ಆಧಾರವಿದೆ, ಅದನ್ನು ಬರೀ ದುಡ್ಡಿನ ಆಸೆ ಎಂದು ಕರೆಯುವುದು ಸರಿಯಲ್ಲ.

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಕಥೆ ಇದಕ್ಕೆ ಒಳ್ಳೆಯ ಉತ್ತರ. ಅಲ್ಲಿ ಆಸ್ಪತ್ರೆ ವಿಮೆ 1947ರಿಂದಲೇ ಇತ್ತು. ವೈದ್ಯರ ಶುಲ್ಕವನ್ನೂ ಸೇರಿಸಿದ ಸಾರ್ವಜನಿಕ ವಿಮೆ 1962ರ ಜುಲೈ 1ರಂದು ಜಾರಿಯಾದಾಗ ಹೆಚ್ಚಿನ ವೈದ್ಯರು ಕೆಲಸ ನಿಲ್ಲಿಸಿದರು. ಸರ್ಕಾರ ಬ್ರಿಟನ್ ಮತ್ತಿತರ ಕಡೆಗಳಿಂದ ವೈದ್ಯರನ್ನು ಕರೆಸಿಕೊಂಡಿತು. ಮುಷ್ಕರ 23 ದಿನ ನಡೆದು, ಸಸ್ಕಾಟೂನ್ ಒಪ್ಪಂದದೊಂದಿಗೆ ಮುಗಿಯಿತು. ವಿಮೆ ಉಳಿಯಿತು, ವೈದ್ಯರು ಸರ್ಕಾರದ ನೌಕರರಾಗದೆ ಸ್ವತಂತ್ರವಾಗಿ ವೃತ್ತಿ ನಡೆಸಿಕೊಂಡು ಹೋಗುವ ಹಕ್ಕೂ ಉಳಿಯಿತು. ನಾಲ್ಕೇ ವರ್ಷಗಳಲ್ಲಿ, 1966ರಲ್ಲಿ, ಕೆನಡಾದ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಆ ದಾರಿಯನ್ನು ತೆರೆಯುವ ಕಾನೂನು ತಂದಿತು. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದ್ದವು.

ಆ ಯೋಜನೆಗಾಗಿ ಹೋರಾಡಿದ ಮುಖಂಡ ಟಾಮಿ ಡಗ್ಲಸ್. ಬಾಲ್ಯದಲ್ಲಿ ಅವರ ಮೊಣಕಾಲಿನ ಮೂಳೆಗೆ ಸೋಂಕು ತಗುಲಿತ್ತು. ಮನೆಯವರ ಬಳಿ ತಜ್ಞರಿಗೆ ಕೊಡಲು ಹಣವಿರಲಿಲ್ಲ, ಕಾಲು ಕತ್ತರಿಸುವ ಮಾತು ನಡೆದಿತ್ತು. ಆಗ ಒಬ್ಬ ಶಸ್ತ್ರವೈದ್ಯರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪುವುದಾದರೆ ಉಚಿತವಾಗಿ ಚಿಕಿತ್ಸೆ ಮಾಡುವುದಾಗಿ ಮುಂದೆ ಬಂದರು, ಕಾಲು ಉಳಿಯಿತು. ಆ ವೈದ್ಯರ ಬಗ್ಗೆ ಡಗ್ಲಸ್ ಅವರಿಗೆ ಕೊನೆಯವರೆಗೂ ಕೃತಜ್ಞತೆ ಇತ್ತು. ಆದರೆ ತಂದೆತಾಯಿಯ ಕೈಯಲ್ಲಿ ಹಣ ಇದೆಯೋ ಇಲ್ಲವೋ ಎಂಬುದರ ಮೇಲೆ ಯಾವ ಹುಡುಗನ ಕಾಲೂ ನಿಲ್ಲಬಾರದೆಂದು ತಮಗೆ ಅನ್ನಿಸಿದ್ದು ಆ ಅನುಭವದಿಂದಲೇ ಎಂದು ಅವರು ಮುಂದೆ ಹೇಳುತ್ತಿದ್ದರು.